ನಾಸಿ ಲೆಮಾಕ್ ಕೆಡಿಸಿದ ಕೀರ್ತಿ

ಇನ್ನೊಬ್ಬರ ಅಡುಗೆಯನ್ನು ಹೀಯಾಳಿಸುವುದರಲ್ಲಿರುವ ಸುಖ ನನಗೆ ಉಣ್ಣುವುದರಲ್ಲೂ ಸಿಕ್ಕಿಲ್ಲ. ಧಾರವಾಡದಲ್ಲಿದ್ದಾಗ ಬೆಂಗಳೂರಿನವರ ಸಿಹಿ ಸಾಂಬಾರನ್ನಷ್ಟೇ ಬೈಯುತ್ತಿದ್ದೆ. ಲಂಡನ್ನಿಗೆ ಬಂದ ಮೇಲೆ ಬೈಯಲು ಇಡೀ ಜಗತ್ತೇ ಸಿಕ್ಕಿತು. ಇಟಲಿಯವರ ಅನ್ನ ಅರೆಬೆಂದದ್ದು, ಜಪಾನಿನವರು ಒಲೆ ಹೊತ್ತಿಸುವ ಗೋಜಿಗೇ ಹೋಗುವುದಿಲ್ಲ, ಇಂಗ್ಲಿಷರದಂತೂ ಅಡುಗೆಯೇ ಅಲ್ಲ. ನನ್ನ ಹೆಂಡತಿ ಗಿರಿಜಾ ಆಸ್ಪತ್ರೆಯಲ್ಲಿ ಡಾಕ್ಟರು. ದಿನವಿಡೀ ರೋಗಿಗಳ ಗೊಣಗಾಟ ಕೇಳುವವಳಾದ್ದರಿಂದ ನನ್ನದನ್ನು ಕೇಳಿಯೂ ಕೇಳದಂತೆ ಇರಬಲ್ಲಳು.

ಲಂಡನ್ನಿನ ಕೊಲಿಂಡೇಲ್‌ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲಿ ಫರೀದಾ ಎಂಬ ಮಲೇಷಿಯಾದ ಹೆಂಗಸು ಒಬ್ಬರೇ ಇದ್ದಾರೆ. ನಿವೃತ್ತ ನರ್ಸು. ಗಿರಿಜಾ ಹೊಸದಾಗಿ ಕೆಲಸಕ್ಕೆ ಸೇರಿ ವಾರ್ಡಿನ ಮೂಲೆಯಲ್ಲಿ ಅಳುತ್ತ ನಿಂತಿದ್ದಾಗ ಚಹಾ ಕುಡಿಸಿ ಧೈರ್ಯ ಹೇಳಿದವರು ಇವರೇ. ಹೋದ ವರ್ಷ ಒಂದು ಭಾನುವಾರ ನಮಗೆಂದೇ ನಾಸಿ ಲೆಮಾಕ್ ಮಾಡಿಕೊಂಡು, ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ತಂದರು. ಹೆಸರು ಕೇಳಿ ಏನೋ ಮಹಾ ಎಂದುಕೊಂಡೆ. ನೋಡಿದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ! ಅದರ ಸುತ್ತ ಹುರಿದ ಶೇಂಗಾ, ಸೌತೆಕಾಯಿ ಹೋಳು, ಬೇಯಿಸಿದ ಮೊಟ್ಟೆ, ಸಂಬಲ್ ಎಂಬ ಕೆಂಪು ಚಟ್ನಿ. ಬೆಳಗಿನ ಟ್ಯೂಬ್ ರೈಲಿನ ಪ್ರಯಾಣಿಕರ ಹಾಗೆ ಒಂದರ ಮುಖ ಒಂದು ನೋಡದೆ ಕೂತಿದ್ದವು. ಚಟ್ನಿಗೆ ಸಣ್ಣ ಒಣಮೀನು ಬೀಳಬೇಕಂತೆ. ನಾವು ಮೀನು ತಿನ್ನುವುದಿಲ್ಲವೆಂದು ಬಿಟ್ಟಿದ್ದರು. ಅನ್ನಕ್ಕೆ ಪಂಡಾನ್ ಎಂಬ ಹಸಿರು ಎಲೆ ಗಂಟು ಕಟ್ಟಿ ಹಾಕಿದ್ದರು.

"ಇದು ನಮ್ಮ ಕಾಯನ್ನವೇ," ಎಂದೆ ಇಂಗ್ಲಿಷಿನಲ್ಲೇ. "ಒಂದು ಹುಲ್ಲು ಹೆಚ್ಚು, ಒಂದು ಒಗ್ಗರಣೆ ಕಡಿಮೆ. ನಾನು ಅರ್ಧ ಗಂಟೆಯಲ್ಲಿ ಮಾಡಿಬಿಡುತ್ತೇನೆ."

"ಬಾಯಿ ಮುಚ್ಚಿಕೊಂಡು ಉಣ್ರಿ," ಎಂದಳು ಗಿರಿಜಾ, ಫರೀದಾ ಅವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, ನಗುನಗುತ್ತ.

ಫರೀದಾ ಕೂಡ ನಕ್ಕರು. "ಹಾಗಾದರೆ ಬರುವ ಶನಿವಾರ ನೀವೇ ಮಾಡಿ. ನಾನು ಊಟಕ್ಕೆ ಬರುತ್ತೇನೆ." ಆದರೆ ತಂದ ಪಾತ್ರೆ ಖಾಲಿಯಾಗುವುದನ್ನೂ ಕಾಯದೆ ಬೇಗನೆ ಎದ್ದರು. ಅವರು ಹೋದ ಮೇಲೆ ಗಿರಿಜಾ ನಗು ನಿಲ್ಲಿಸಿದಳು. "ಮೊಣಕಾಲು ನೋವು ಇಟ್ಕೊಂಡು ಮುಂಜಾನಿಂದ ನಿಂತು ಮಾಡ್ಯಾರ. ಶನಿವಾರ ಅವರ ಮನಸ್ಸಿಗೆ ಮತ್ತ ನೋವಾತಂದ್ರ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ, ನೋಡ್ರಿ."

ಶನಿವಾರ ಅವಳಿಗೆ ಬೆಳಗಿನ ಡ್ಯೂಟಿ. ತೆಂಗಿನ ಹಾಲಿಗಾಗಿ ವೆಂಬ್ಲಿಯ ಏಷ್ಯನ್ ಅಂಗಡಿಗಳವರೆಗೆ ಹೋಗುವುದು ನನ್ನ ಘನತೆಗೆ ತಕ್ಕದ್ದಲ್ಲವೆನಿಸಿ, ಬರ್ಫಿ ಮಾಡಿ ಉಳಿದಿದ್ದ ಒಣ ಕೊಬ್ಬರಿ ಪುಡಿಯನ್ನು ಫ್ರಿಜ್ಜಿನ ಹಾಲಿಗೆ ಸುರಿದೆ. ಹುಲ್ಲಂತೂ ಬೇಕೇ ಇರಲಿಲ್ಲ. ಕುಕ್ಕರ್ ಮೂರು ಸೀಟಿ ಹೊಡೆಯಿತು. ಮುಚ್ಚಳ ತೆಗೆದರೆ ಮೇಲೆ ಪಾಯಸ, ಕೆಳಗೆ ಇದ್ದಿಲು. ಸಂಬಲ್‌ಗೆ ಹುಣಸೆಹಣ್ಣು ಸಿಗದೆ ಟೊಮ್ಯಾಟೊ ಕೆಚಪ್ ಹಾಕಿ ಖಾರದಪುಡಿ ಕಲಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ಗಿರಿಜಾ, ಅವಳ ಹಿಂದೆಯೇ ಫರೀದಾ. ಗಿರಿಜಾ ಪಾತ್ರೆಯೊಳಗೆ ಇಣುಕಿ, ಎಕ್ಸ್‌ರೇ ನೋಡಿ ಕೆಟ್ಟ ಸುದ್ದಿ ಹೇಳಲಿರುವ ಡಾಕ್ಟರಾದಳು.

ಫರೀದಾ ಒಂದು ತುತ್ತು ಬಾಯಿಗಿಟ್ಟು ಚಮಚ ಕೆಳಗಿಟ್ಟರು. ಕಣ್ಣು ಒದ್ದೆಯಾಯಿತು. ಖಾರವೆಂದು ನಾನು ನೀರು ಬಗ್ಗಿಸಿದೆ. ಅವರು ಲೋಟ ಪಕ್ಕಕ್ಕೆ ಸರಿಸಿ ಇನ್ನೊಂದು ತುತ್ತು ತಿಂದರು.

"ಹತ್ತೊಂಬತ್ತು ವರ್ಷದವಳಿದ್ದಾಗ ನರ್ಸಿಂಗ್ ಕಲಿಯಲು ಇಲ್ಲಿಗೆ ಬಂದೆ. ಆಗ ಇಲ್ಲಿ ನಮಗೆ ತೆಂಗಿನ ಹಾಲು ಸಿಗುತ್ತಿರಲಿಲ್ಲ, ಪಂಡಾನೂ ಇಲ್ಲ. ಹಾಸ್ಟೆಲಿನಲ್ಲಿ ನಾವು ಮೂವರು ಹುಡುಗಿಯರು ಕೇಕಿಗೆ ಹಾಕುವ ಕೊಬ್ಬರಿ ಪುಡಿಯನ್ನು ಹಾಲಲ್ಲಿ ಕಲಸಿ, ಕೆಚಪ್ಪಿನಲ್ಲಿ ಸಂಬಲ್ ಮಾಡುತ್ತಿದ್ದೆವು. ತಳ ಪ್ರತಿಸಲವೂ ಸೀಯುತ್ತಿತ್ತು. ಅವರಿಬ್ಬರೂ ಈಗಿಲ್ಲ. ಈ ರುಚಿ ಇನ್ನು ಸಿಗುವುದಿಲ್ಲ ಅಂದುಕೊಂಡಿದ್ದೆ." ಹೀಗೆಂದು ತಟ್ಟೆ ಮುಂದೆ ಚಾಚಿದರು. "ಆ ಸೀದದ್ದನ್ನೂ ಸ್ವಲ್ಪ ಹಾಕಿ."

ಗಿರಿಜಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನು ಮಾತ್ರ ನಾಚಿಕೆಯಿಲ್ಲದೆ, ಎಲ್ಲ ಯೋಚಿಸಿಯೇ ಮಾಡಿದವನಂತೆ ತಲೆಯಾಡಿಸಿದೆ.

ಆದರೆ ಮನಸ್ಸು ಕೊರೆಯತೊಡಗಿ, ಕೆಲವು ವಾರಗಳ ನಂತರ ಅವರ ಅಡುಗೆಮನೆಯಲ್ಲೇ ನಿಂತು ನಾಸಿ ಲೆಮಾಕನ್ನು ವಿಧಿವತ್ತಾಗಿ ಕಲಿತೆ. ವೆಂಬ್ಲಿಗೂ ಹೋದೆ. ಹುಲ್ಲನ್ನೂ ತಂದೆ. ಅನ್ನ ಹೂವಿನಂತೆ ಅರಳಿತು. ಫರೀದಾ ಉಂಡು "ಚೆನ್ನಾಗಿದೆ" ಎಂದರು. ಆಮೇಲೆ, "ಆವತ್ತಿನಂಥದ್ದನ್ನು ಇನ್ನೊಮ್ಮೆ ಮಾಡುತ್ತೀರಾ?" ಎಂದು ಕೇಳಿದರು. ಅಂದಿನಿಂದ ನಾಲ್ಕು ಸಲ ಪ್ರಯತ್ನಿಸಿದ್ದೇನೆ. ಅದೇ ಕುಕ್ಕರ್, ಅದೇ ಪುಡಿ, ಅದೇ ಕೆಚಪ್. ಒಮ್ಮೆ ಬೇಕೆಂದೇ ಐದು ಸೀಟಿ ಹೊಡೆಸಿದೆ. ದರಿದ್ರ ಅನ್ನ ಪ್ರತಿಸಲವೂ ಚೆನ್ನಾಗಿಯೇ ಬೇಯುತ್ತದೆ.

ಮೊನ್ನೆ ಗಿರಿಜಾ ಮುಚ್ಚಳ ತೆಗೆದು ನೋಡಿ ನಿಟ್ಟುಸಿರುಬಿಟ್ಟಳು. "ಏನ್ರೀ, ನಿಮಗ ನೆಟ್ಟಗ ಕೆಡಸ್ಲಿಕ್ಕೂ ಬರಂಗಿಲ್ಲೇನು?"