ಮೀನಿಗೆ ಮಂಗನಬಾವು

ಮಲ್ಪೆಯಲ್ಲಿ ಹುಟ್ಟಿದ ನನಗೆ ಮೀನಿನ ಬಗ್ಗೆ ಇನ್ನೊಬ್ಬರು ಪಾಠ ಹೇಳಬೇಕಾಗಿಲ್ಲ ಎಂದೇ ನಂಬಿದ್ದೆ. ಆದ್ದರಿಂದ ನಿವೃತ್ತಿಯಾದ ವಾರವೇ ಮುಂಬಯಿಯ ವಿಲೆ ಪಾರ್ಲೆಯ ನಮ್ಮ ಫ್ಲ್ಯಾಟಿಗೆ ಗಾಜಿನ ತೊಟ್ಟಿ ತಂದು ಆಫ್ರಿಕಾದ ಸಿಕ್ಲಿಡ್ ಮೀನುಗಳನ್ನು ಬಿಟ್ಟೆ. ನೀಲಿ, ಹಳದಿ, ಕಿತ್ತಳೆ! ಬಣ್ಣ ಮದುವೆ ಮನೆಯ ಸೀರೆಗಳ ಹಾಗೆ. ಜಗಳವೂ ಹಾಗೆಯೇ.

"ಇವುಗಳ ಚಾಕರಿ ಎಲ್ಲ ನಿಮ್ದೇ. ಮತ್ತೆ ನಂಗೆ ಹೇಳ್ಬೇಡಿ," ಎಂದಳು ಹೆಂಡತಿ ವಾರಿಜ. ಮೂರನೇ ದಿನ ಒಂದು ಹಳದಿ ಮೀನಿಗೆ ಚಿನ್ನು ಎಂದು ಹೆಸರಿಟ್ಟವಳೂ ಅವಳೇ.

ಒಂದು ಬೆಳಿಗ್ಗೆ ಚಿನ್ನು ಊಟ ಬಿಟ್ಟಿತು. ಗಂಟಲು ಊದಿತ್ತು. ಬಾಯಿ ಬಿಗಿದುಕೊಂಡು ಮೂಲೆ ಸೇರಿತ್ತು.

"ಮಂಗನಬಾವು," ಎಂದು ತೀರ್ಪು ಕೊಟ್ಟೆ.

"ಮೀನಿಗೆ ಮಂಗನಬಾವಾ?"

"ಯಾಕೆ, ಮನುಷ್ಯರಿಗೆ ಬರುದಿಲ್ವಾ?"

ಚಿಕಿತ್ಸೆ ಆರಂಭವಾಯಿತು. ನೀರಿಗೆ ಉಪ್ಪು ಹಾಕಿದೆ. ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು ಬಡಿಸಿದೆ. ಚಿನ್ನು ಮುಖ ತಿರುಗಿಸಿತು. ಪಕ್ಕದ ಮನೆಯ ಮರಾಠಿ ಹೆಂಗಸು ಜೋಶಿ ಕಾಕು ಬಂದು "ನಜರ್ ಲಾಗ್ಲೀ!" ಎಂದು ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದರು. ಇಡೀ ಬಿಲ್ಡಿಂಗ್ ಕೆಮ್ಮಿತು. ಮೀನು ಮಾತ್ರ ಕೆಮ್ಮಲಿಲ್ಲ.

ಎರಡು ವಾರ ದಾಟಿತು. ವಾರಿಜಳಿಗೂ ಊಟ ಸೇರದಾಯಿತು. "ಅದು ಉಪವಾಸ ಇರುವಾಗ ನಾನು ಹೇಗೆ ಉಣ್ಣುದು?" ಎಂದು ಕಣ್ಣೊರೆಸಿಕೊಂಡಳು.

ಇನ್ನು ತಡಮಾಡುವಂತಿರಲಿಲ್ಲ. ಜರಡಿಯಿಂದ ಚಿನ್ನುವನ್ನು ಹಿಡಿದು, ತೊಟ್ಟಿಯ ನೀರನ್ನೇ ತುಂಬಿದ ಸ್ಟೀಲ್ ಡಬ್ಬಿಗೆ ಹಾಕಿ, ಮೀನಿನ ಅಂಗಡಿಗೆ ರಿಕ್ಷಾ ಹತ್ತಿದೆವು. ಒಂದು ಹೊಂಡಕ್ಕೆ ಚಕ್ರ ಇಳಿದು ನಾವು ಮೂವರೂ ಹಾರಿದೆವು. ಮುಚ್ಚಳ ತೆಗೆದು ನೋಡಿದರೆ ಚಿನ್ನುವಿನ ಸುತ್ತ ಅಕ್ಕಿಕಾಳಿನಷ್ಟು ಏನೇನೋ ಮಿಸುಕಾಡುತ್ತಿವೆ!

"ಹುಳ! ಹುಳ ಕಾರಿಕೊಂಡಿತು! ರಿಕ್ಷಾ ನಿಲ್ಲಿಸಿ!" ಎಂದು ಕೂಗಿ, ಆ ನೀರನ್ನು ರಸ್ತೆಗೆ ಚೆಲ್ಲಲು ಡಬ್ಬಿ ಬಗ್ಗಿಸಿದೆ.

ವಾರಿಜ ನನ್ನ ಮಣಿಕಟ್ಟು ಹಿಡಿದಳು. "ಚೆಲ್ಬೇಡಿ ಮಾರಾಯ್ರೆ! ಅವಕ್ಕೆ ಕಣ್ಣುಂಟು."

ಅಂಗಡಿಯವನು ಡಬ್ಬಿಗೆ ಇಣುಕಿ ನಕ್ಕ. "ಅಂಕಲ್, ಬೀಮಾರ್ ನಹೀ ಹೈ. ಮಾ ಬನ್ ಗಯೀ ಹೈ!" ಕಾಯಿಲೆಯಲ್ಲ, ತಾಯ್ತನವಂತೆ. ಈ ಜಾತಿಯ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಮರಿಯಾಗಿ ಬೆಳೆಯುವವರೆಗೂ ಏನೂ ತಿನ್ನುವುದಿಲ್ಲವಂತೆ.

ನಾನು ಬಾಣಂತಿಗೆ ಬಟಾಣಿ ಬಡಿಸಿ, ಮೆಣಸಿನ ಹೊಗೆ ಹಾಕಿಸಿ, ಮಕ್ಕಳನ್ನು ಬೀದಿಗೆ ಚೆಲ್ಲಲು ಹೊರಟಿದ್ದೆ! ಮನೆಗೆ ಬರುವಷ್ಟು ಹೊತ್ತೂ ಡಬ್ಬಿ ವಾರಿಜಳ ಮಡಿಲಲ್ಲಿತ್ತು. ನನಗೆ ಮುಟ್ಟಲು ಬಿಡಲಿಲ್ಲ.

ತಾಯಿ ಮಕ್ಕಳನ್ನು ದೊಡ್ಡ ಟಬ್ಬಿಗೆ ಬಿಟ್ಟೆವು. ಕ್ಷಮೆ ಕೇಳೋಣವೆಂದು ಬಗ್ಗಿದೆ. ಅಷ್ಟೇ! ಮರಿಗಳೆಲ್ಲ ಒಟ್ಟಿಗೆ ಓಡಿ ಚಿನ್ನುವಿನ ಬಾಯಿ ಹೊಕ್ಕವು.

"ನಿಮ್ಮ ಮುಖ ನೋಡಿ ಹೆದರಿದವು, ಪಾಪ. ಸ್ವಲ್ಪ ಆಚೆ ಹೋಗಿ."

ಅಡುಗೆಮನೆಗೆ ಹೋಗಿ ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದೆ, "ಹೊರಗೆ ಬಂದವಾ?"

"ಬಂದವು, ಎಲ್ಲ ಬಂದವು," ಎಂದಳು ವಾರಿಜ, ಜೋಗುಳದ ದನಿಯಲ್ಲಿ. "ನೀವು ಮಾತ್ರ ಅಲ್ಲೇ ಇರಿ!"