ಪಕ್ಕದ ಸೀಟಿನ ಕರ್ಚೀಫು

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹುಡುಕುವ ಶ್ರಮ ನಿಮಗೆ ಬೇಡ. ಸಿನಿಮಾ ನೋಡುತ್ತಾ ಅತ್ತ ಗೆಳೆಯನ ಅಳುವನ್ನು, ಆ ಸಿನಿಮಾ ಮುಗಿಯುವ ಮೊದಲೇ, ಇಡೀ ಬಾಲ್ಕನಿಗೆ ಕೇಳುವಂತೆ ಅನುಕರಣೆ ಮಾಡಿ ತೋರಿಸಿದವನು ನಾನು. ಅನುಕರಣೆ ಬಹಳ ಚೆನ್ನಾಗಿತ್ತು. ತೊಂದರೆಯಾಗಿದ್ದೇ ಅದರಿಂದ.

ಇದು ನನಗೆ ಚಿಕ್ಕಂದಿನಿಂದ ಅಂಟಿಕೊಂಡ ಕಾಯಿಲೆ. ಕಿವಿಗೆ ಬಿದ್ದ ದನಿ ಬಾಯಿಂದ ಆಚೆ ಬರದೆ ಇರುವುದಿಲ್ಲ. ಸಮೇತನಹಳ್ಳಿಯ ನಮ್ಮ ಮನೆಗೆ ಯಾರಾದರೂ ದೊಡ್ಡವರು ಬಂದರೆ ಅಮ್ಮ ಮೊದಲು ಕಾಫಿ ಇಡುವುದಿಲ್ಲ, ನನ್ನನ್ನು ಹಿತ್ತಲಿಗೆ ಕಳಿಸುತ್ತಾಳೆ. ಹೊಸಕೋಟೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ದನಿ ತೆಗೆದು, 'ಊಟಕ್ಕೆ ಹೋಗ್ರಪ್ಪಾ' ಎಂದು ಹೊತ್ತಿಗೆ ಮೊದಲೇ ಎಲ್ಲರನ್ನೂ ಎಬ್ಬಿಸಿ ಬೈಸಿಕೊಂಡಿದ್ದೇನೆ. ನನ್ನದೇ ದನಿ ಹೇಗಿದೆ ಎಂದು ಒಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಅದೂ ಯಾರದೋ ಸೋದರಮಾವನ ದನಿಯ ಹಾಗಿತ್ತು.

ಈ ಕಾಯಿಲೆಯನ್ನು ಸಹಿಸಿಕೊಂಡವನು ನಯಾಜ್ ಒಬ್ಬನೇ. ಬಸ್ ಸ್ಟ್ಯಾಂಡ್ ಎದುರು ಅವನದು ಗಡಿಯಾರ ರಿಪೇರಿ ಅಂಗಡಿ. ಭಾನುವಾರ ಬೆಳಗಿನ ಆಟಕ್ಕೆ ನಮ್ಮ ಟಾಕೀಸಿನಲ್ಲಿ ಹಳೆಯದು, ಹೊಸದು, ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಅಲ್ಲಿ ಸೀಟಿಗೆ ನಂಬರಿಲ್ಲ, ಕರ್ಚೀಫೇ ನಂಬರು. ನಾನು ಮೊದಲು ಹೋಗಿ ಪಕ್ಕದ ಸೀಟಿಗೆ ನನ್ನ ನೀಲಿ ಚೌಕಳಿ ಕರ್ಚೀಫು ಹಾಕಬೇಕು. ನಯಾಜ್ ಅಂಗಡಿಯನ್ನು ಯಾರಿಗಾದರೂ ಒಪ್ಪಿಸಿ ತಡವಾಗಿ ಬಂದು, ಅದನ್ನು ಎತ್ತಿ ನನ್ನ ಮುಖಕ್ಕೆ ಎಸೆದು ಕೂರಬೇಕು. ಆಮೇಲೆ ನಾನು ತೀರ್ಪು ಕೊಡಬೇಕು, ವಾರಕ್ಕೊಬ್ಬರ ದನಿಯಲ್ಲಿ. ಕಪ್ಪುಬಿಳುಪಿನ ಪೌರಾಣಿಕ ಚಿತ್ರಕ್ಕೆ ಬಸ್ ಕಂಡಕ್ಟರನ ದನಿ: "ದೇವ್ರು ಪ್ರತ್ಯಕ್ಷ ಆಗೋಕೆ ಎಂಟು ಹಾಡು ತಗೊಂಡ ಕಣ್ರೀ, ಮೆಜೆಸ್ಟಿಕ್ ಬಸ್ಸೂ ಅಷ್ಟು ಕಾಯ್ಸಲ್ಲ." ಬಿಳಿ ಸೀರೆಯ ದೆವ್ವದ ಚಿತ್ರಕ್ಕೆ ನಮ್ಮಮ್ಮನ ದನಿ: "ಹಾಳುಮನೇಲಿ ಅಷ್ಟು ಓಡಾಡಿದ್ರೂ ಒಂಚೂರು ಮಣ್ಣಾಗಿಲ್ವಲ್ಲ, ಯಾವ ಸೋಪು ಹಾಕ್ತಾಳಂತೆ?" ನಯಾಜ್ ನಗು ತಡೆಯಲಾರದೆ ಮೊಣಕೈಯಿಂದ ತಿವಿಯುತ್ತಿದ್ದ. "ಮುಚ್ಚೋ ಲೇ, ಪಿಚ್ಚರ್ ನೋಡಕ್ಕೆ ಬಿಡು," ಎನ್ನುತ್ತಿದ್ದ. ನಾನು ಬಿಡುತ್ತಿರಲಿಲ್ಲ.

ಆ ಭಾನುವಾರದ್ದು ಅಣ್ಣತಮ್ಮಂದಿರ ಕಣ್ಣೀರಿನ ಚಿತ್ರ, ನಮ್ಮಪ್ಪಂದಿರ ಕಾಲದ್ದು. ಅಣ್ಣನಾದವನು ಒಂದು ಟ್ರಂಕು ಹಿಡಿದು ಮನೆ ಬಿಡುತ್ತಾನೆ. ಟ್ರಂಕು ಖಾಲಿ ಎಂಬುದು ಅವನು ಅದನ್ನು ಕಿರುಬೆರಳಲ್ಲಿ ಎತ್ತಿದಾಗಲೇ ಗೊತ್ತಾಗುತ್ತಿತ್ತು. ಅದನ್ನು ಹೇಳಲೆಂದು ತಿರುಗಿದರೆ ನಯಾಜ್ ಅಳುತ್ತಿದ್ದ. ಮೂಗಿನಲ್ಲಿ ಸಣ್ಣದೊಂದು ಸೀಟಿ, ಅದರ ಹಿಂದೆ ತಡೆದು ಹಿಡಿದ ಎರಡು ಬಿಕ್ಕು. ಅವನ ಅಣ್ಣ ಆ ತಿಂಗಳಷ್ಟೇ ಮನಸ್ತಾಪ ಮಾಡಿಕೊಂಡು ಬೇರೆ ಮನೆ ಮಾಡಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆಯಿತು. ಸೀಟಿ, ಬಿಕ್ಕು, ಬಿಕ್ಕು. ಬಾಲ್ಕನಿಯೆಲ್ಲ ನಕ್ಕಿತು. ನಯಾಜ್ ಎದ್ದು ಹೋದ. ನೀರು ಕುಡಿಯಲು ಹೋದನೆಂದುಕೊಂಡು ನಾನು ಕರ್ಚೀಫು ಹಾಕಿ ಸೀಟು ಕಾದೆ.

ಮೂರು ತಿಂಗಳು ಕಾದೆ. ಪ್ರತಿ ಭಾನುವಾರವೂ ಕರ್ಚೀಫು ಹಾಕುತ್ತಿದ್ದೆ. ಯಾರಾದರೂ ಕೇಳಿದರೆ, "ಜನ ಇದಾರೆ, ಬರ್ತಾರೆ," ಎನ್ನುತ್ತಿದ್ದೆ. ಟಾಕೀಸಿನ ಕ್ಯಾಂಟೀನು ನೋಡಿಕೊಳ್ಳುವ ಮುನಿಯಪ್ಪಣ್ಣ ಇಂಟರ್‌ವಲ್ಲಿನಲ್ಲಿ, "ಏನಪ್ಪಾ, ಒಂದೇ ಟೀನಾ? ನಿನ್ ಕರ್ಚೀಫು ಕುಡಿಯಲ್ವಾ?" ಎಂದು ಕೇಳಿದಾಗ ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ತೀರ್ಪುಗಳನ್ನೂ ನಿಲ್ಲಿಸಲಿಲ್ಲ, ರೆಕಾರ್ಡ್ ಮಾಡಿ ನಯಾಜನ ಫೋನಿಗೆ ಕಳಿಸುತ್ತಿದ್ದೆ. ಹೊಸ ಹೊಡೆದಾಟದ ಚಿತ್ರದ ಬಗ್ಗೆ ಸೂಪರ್‌ವೈಸರ್ ದನಿಯಲ್ಲಿ: "ಹೀರೋ ಸ್ಲೋ ಮೋಷನ್ನಲ್ಲಿ ನಡ್ಕೊಂಡ್ ಬರೋಷ್ಟರಲ್ಲಿ ವಿಲನ್ ಸಮೇತನಹಳ್ಳಿ ಮುಟ್ಬೋದಿತ್ತು. ಯಾಕೆ ನಿಂತಿದ್ದ ಅನ್ನೋದೇ ಸಸ್ಪೆನ್ಸು." ಅವನು ಕೇಳಿದ್ದಾನೆಂಬುದಕ್ಕೆ ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಕ್ಷಮೆಯನ್ನೂ ಕೇಳಿದೆ, ಒಮ್ಮೆ ಕಂಡಕ್ಟರನಾಗಿ, ಒಮ್ಮೆ ನಾಟಕದ ಭೀಮನಾಗಿ. ಅವಕ್ಕೂ ನೀಲಿ ಗೆರೆಗಳೇ.

ಒಂದು ವಾರ ಪ್ರಶಸ್ತಿ ಬಂದ ಚಿತ್ರ ಹಾಕಿದ್ದರು. ಒಬ್ಬ ಮುದುಕ ಖಾಲಿ ಕುರ್ಚಿಯನ್ನು ನೋಡುತ್ತಾ ಕೂತಿದ್ದಾನೆ. ನೋಡುತ್ತಲೇ ಇದ್ದಾನೆ. ನಾನೂ ಪಕ್ಕಕ್ಕೆ ತಿರುಗಿ ಕರ್ಚೀಫನ್ನು ನೋಡಿದೆ. ನಾನು ಇಷ್ಟು ಜನರನ್ನು ಅನುಕರಿಸಿದ್ದೇನೆ, ನನ್ನನ್ನು ಅನುಕರಿಸಿದ್ದು ಆ ಸಿನಿಮಾ ಒಂದೇ. ಅದಕ್ಕೆ ಮಾತ್ರ ತೀರ್ಪು ಹೊಳೆಯಲಿಲ್ಲ. ಮನೆಗೆ ಬಂದು ನಯಾಜನಿಗೆ ಸೋದರಮಾವನ ದನಿಯಲ್ಲಿ, ಅಂದರೆ ನನ್ನದೇ ದನಿಯಲ್ಲಿ, ಒಂದು ಸಾಲು ಕಳಿಸಿದೆ: "ತಪ್ಪಾಯ್ತು ಕಣೋ. ನಿಮ್ಮಣ್ಣನ ವಿಷ್ಯ ಗೊತ್ತಿದ್ದೂ ಮಾಡ್ಬಿಟ್ಟೆ." ಅದಕ್ಕೂ ನೀಲಿ ಗೆರೆ ಎರಡೇ ಬಂದವು.

ಮುಂದಿನ ಭಾನುವಾರ ಪರದೆಯ ಮೇಲೆ ಹೆಸರುಗಳು ಬರುತ್ತಿದ್ದಾಗ ಸಾಲಿನ ತುದಿಯಲ್ಲಿ ಯಾರೋ ಬಂದು ನಿಂತರು. "ಜನ ಇದಾರೆ," ಎಂದೆ, ಅಭ್ಯಾಸಬಲ. ನೋಡಿದರೆ ನಯಾಜ್. ನಾನು ಗಡಿಬಿಡಿಯಲ್ಲಿ ಕರ್ಚೀಫು ಎತ್ತಿಕೊಂಡೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಮುಖಕ್ಕೆ ಎಸೆಯುತ್ತಾನೆಂದು ಆಸೆಯಿಂದ ಕಣ್ಣು ಮುಚ್ಚಿದೆ. ಅವನು ಅದನ್ನು ಸೀಟಿನ ಮೇಲೆ ಮೊದಲಿದ್ದ ಹಾಗೇ ಹರಡಿ, ಅದರ ಆಚೆಯ ಸೀಟಿನಲ್ಲಿ ಕೂತ.

"ಇಲ್ಲೇ ಕೂತ್ಕೋ ಬಾರೋ," ಎಂದೆ.

ನಯಾಜ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಅದನ್ನ ಎಬ್ಬಿಸ್ಬೇಡ ಗುರು. ನಿನ್ ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ಪಿಚ್ಚರ್ ನೋಡಿರೋದು ಅದೊಂದೇ."