ಮ್ಯೂಸಿಯಮ್ಮಿನಲ್ಲಿ ವರಪರೀಕ್ಷೆ

ಹೆಣ್ಣು ನೋಡುವ ಶಾಸ್ತ್ರ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಬೇಡ, ಆರ್ಟ್ ಮ್ಯೂಸಿಯಮ್ಮಿನಲ್ಲಿ ಇಟ್ಟುಕೊಳ್ಳೋಣ ಎಂದು ಸೂಚಿಸಿದವಳು ನಾನೇ. ನನ್ನಂಥ ಮಾತು ಕಡಿಮೆಯವರಿಗೆ ಅದಕ್ಕಿಂತ ಪ್ರಶಸ್ತವಾದ ಸ್ಥಳ ಇನ್ನೊಂದಿಲ್ಲ. ಮನೆಯಲ್ಲಿ ಸುಮ್ಮನೆ ಕೂತರೆ ಹುಡುಗಿಗೆ ಜಂಬ ಅನ್ನುತ್ತಾರೆ. ಚಿತ್ರದ ಮುಂದೆ ಸುಮ್ಮನೆ ನಿಂತರೆ ಅಭಿರುಚಿ ಅನ್ನುತ್ತಾರೆ. ಒಪ್ಪಿಗೆಯೋ ಇಲ್ಲವೋ, ಸಂಜೆಯೊಳಗೆ ಹೇಳಿಬಿಡಬೇಕೆಂದು ಮಾತ್ರ ಅಮ್ಮನ ಆಜ್ಞೆಯಾಗಿತ್ತು.

ಗಿರಿನಗರದಿಂದ ಹುಡುಗ ಪ್ರಮೋದ್ ತಮ್ಮ ತಾಯಿಯೊಂದಿಗೆ ಬಂದರು. ಒಳಗೆ ಹೋದ ಮೇಲೆ ನಾವು ನಾಲ್ವರೂ ಬೇರೆ ಬೇರೆ ಮ್ಯೂಸಿಯಮ್ಮುಗಳನ್ನೇ ನೋಡಿದೆವು. ಅಮ್ಮ ಹಳೆಯ ರಾಣಿಯರ ಚಿತ್ರಗಳಲ್ಲಿ ಸೀರೆಯ ಅಂಚನ್ನಷ್ಟೇ ನೋಡಿ, ಈಗ ಇಂಥ ಜರಿ ಬರುವುದಿಲ್ಲವೆಂದು ತೀರ್ಪು ಕೊಟ್ಟಳು. ಪ್ರಮೋದ್ ಅವರ ತಾಯಿ ಪ್ರತಿ ದೇವಿಯ ಚಿತ್ರದ ಮುಂದೆಯೂ ಚಪ್ಪಲಿ ಬಿಟ್ಟು, ಕೈಮುಗಿದು, ಮತ್ತೆ ಚಪ್ಪಲಿ ಮೆಟ್ಟುತ್ತಿದ್ದರು. ಪ್ರಮೋದ್ ಪಕ್ಕದ ಫಲಕವನ್ನು ಪ್ರಶ್ನೆಪತ್ರಿಕೆಯಂತೆ ಪೂರ್ತಿ ಓದಿ, ಆಮೇಲೆ ಚಿತ್ರದತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದರು.

ನಾನು? ಹುಡುಗನನ್ನು ನೇರವಾಗಿ ನೋಡುವ ಧೈರ್ಯ ನನಗಿಲ್ಲ. ಅದೃಷ್ಟಕ್ಕೆ, ಗಾಜು ಹಾಕಿದ್ದ ಒಂದು ದೊಡ್ಡ ಚಿತ್ರದಲ್ಲಿ, ನನ್ನ ಹಿಂದೆ ನಿಂತಿದ್ದ ಅವರ ಪ್ರತಿಬಿಂಬ ಸ್ಪಷ್ಟವಾಗಿ ಕಾಣಿಸಿತು. ಕಿವಿ ಸ್ವಲ್ಪ ಅಗಲ. ಮೂಗು ಪರವಾಗಿಲ್ಲ. ನೀಲಿ ಅಂಗಿ ಒಪ್ಪುತ್ತದೆ. ಆಕಳಿಸಿದರು, ಬಾಯಿಗೆ ಕೈ ಅಡ್ಡ ಹಿಡಿದರು. ಸಂಸ್ಕಾರವಂತ! ನನ್ನ ಸಂಶೋಧನೆ ಭರದಿಂದ ಸಾಗಿತು.

“ತುಂಬಾ ಹೊತ್ತಿಂದ ಇದನ್ನೇ ನೋಡ್ತಿದೀರ,” ಎಂದರು ಪ್ರಮೋದ್, ಹತ್ತಿರ ಬಂದು. “ಏನಿದೆ ಇದ್ರಲ್ಲಿ?”

ಚಿತ್ರವನ್ನು ನಾನು ನೋಡಿಯೇ ಇರಲಿಲ್ಲ! ಗಂಭೀರವಾಗಿ ಹೇಳಿದೆ: “ಆ ನೀಲಿ... ಅದ್ರಲ್ಲಿ ಒಂಥರಾ ಒಂಟಿತನ ಇದೆ.”

ಅಮ್ಮ ಕನ್ನಡಕ ಏರಿಸಿದಳು. “ಎಲ್ಲೇ ನೀಲಿ? ಬರೀ ಕೆಂಪು ಮಣ್ಣು, ಎರಡು ಎಮ್ಮೆ ಇದೆ ಅಷ್ಟೆ.”

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ನಾನು, ನೀಲಿ ಎಮ್ಮೆಗಳ ಒಳಗಿದೆ, ನೋಡುವ ಕಣ್ಣು ಬೇಕು ಎಂದು ವಿವರಿಸತೊಡಗಿದೆ. ಭಕ್ತಿಯಿಂದ ಕೇಳುತ್ತಿದ್ದ ಪ್ರಮೋದ್ ಅವರ ತಾಯಿ ಎಮ್ಮೆಗಳಿಗೂ ಕೈಮುಗಿದರು. ಪ್ರಮೋದ್ ಮಾತ್ರ ಎಮ್ಮೆಗಳನ್ನು ನೋಡಿದರು, ಗಾಜನ್ನು ನೋಡಿದರು, ಕೊನೆಗೆ ತಮ್ಮ ಅಂಗಿಯನ್ನು ನೋಡಿಕೊಂಡರು. ನನ್ನ ಮುಖ ಬಿಸಿಯಾಯಿತು.

“ಮೇಲಿನ ಮಹಡಿ ಚಿತ್ರಗಳಿಗೆ ಗಾಜಿಲ್ವಂತೆ,” ಎಂದರು ಮೆಲ್ಲಗೆ. “ಅಲ್ಲಿ ನನ್ನನ್ನ ನೇರವಾಗೇ ನೋಡ್ಬೇಕಾಗತ್ತೆ. ಬರ್ತೀರಾ?”

ಎಂ.ಎ. ಓದಿದ ಹುಡುಗಿ. ಇಡೀ ಬದುಕಿನ ಪ್ರಶ್ನೆ. ಚುರುಕಾದ, ಘನತೆಯ ಉತ್ತರವೊಂದನ್ನು ಕೊಡಲೇಬೇಕಿತ್ತು.

“ಲಿಫ್ಟ್ ಇದ್ಯಾ?” ಎಂದೆ.